ಮನೆಯ ಚೆಲುವು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಮನೆಯನ್ನು ಕಟ್ಟುವುದರಲ್ಲಿರುವ ಕಷ್ಟನಷ್ಟಗಳನ್ನು ಈ ಮಾತು ಚೆನ್ನಾಗಿ ತಿಳಿಸುತ್ತದೆ. ಆದರೆ ಕಟ್ಟಿದ ಮನೆಯನ್ನು ಕಾಪಾಡಿಕೊಂಡು ಬರುವ ಶ್ರಮವನ್ನು ಕುರಿತು ಗಾದೆ ಏನನ್ನೂ ಹೇಳುವುದಿಲ್ಲ. ಕಟ್ಟುವ ಕೆಲಸ ಒಂದೆರಡು ವರ್ಷಗಳಲ್ಲಿ ಮುಗಿಯುತ್ತದೆ. ಕಾಪಾಡುವ ಕೆಲಸಕ್ಕೆ ಕೊನೆಯೆಂಬುದಿಲ್ಲ. ಗಾಳಿ ಧೂಳನ್ನು ತರುತ್ತದೆ. ಒಲೆ ಮಸಿಯನ್ನು ಹಿಡಿಸುತ್ತದೆ. ಮಳೆ ಗೋಡೆಯನ್ನು ನೆನೆಸುತ್ತದೆ. ಜೇಡ ಮೂಲೆಮೂಲೆಗಳಲ್ಲಿ ಬಲೆ ನೇಯುತ್ತದೆ. ಇವುಗಳಿಗೆ ಬಡವನ ಮನೆ, ಬಲ್ಲಿದನ ಮನೆ ಎಂಬ ಭೇದವಿಲ್ಲ.

ಮನೆಯನ್ನು ಅಂದವಾಗಿ ಇಟ್ಟುಕೊಳ್ಳುವುದು ಹಣವುಳ್ಳವರಿಗೆ ಮಾತ್ರ ಸಾಧ್ಯವೆಂಬ ಭಾವನೆ ಇಂದು ಜನರ ಮನಸ್ಸಿನಲ್ಲಿ ಬಲವಾಗಿ ಬೇರೂರಿದೆ. ನೆಲಕ್ಕೊಂದು, ಗಾಜಿಗೊಂದು, ಪಾತ್ರೆಗೊಂದು, ಬಚ್ಚಲಿಗೊಂದು ಎಂದು ಬಗೆಬಗೆಯ ದ್ರವಗಳ ಸೀಸೆಗಳು ಅಂಗಡಿಗಳಲ್ಲಿ ಸಾಲುಗಟ್ಟಿ ನಿಂತಿವೆ. ಅವನ್ನು ಕೊಳ್ಳದ ಮನೆ ಮನೆಯೇ ಅಲ್ಲವೆಂದು ಜಾಹೀರಾತುಗಳು ಹಗಲಿರುಳು ಸಾರುತ್ತಿವೆ. ಮಗಳ ಮದುವೆಯೋ ಊರ ಹಬ್ಬವೋ ಬಂದಿತೆಂದರೆ ನೆರೆಮನೆಯ ಬಣ್ಣಕ್ಕೆ ಸಮನಾಗಿ ತನ್ನ ಮನೆಗೂ ಬಣ್ಣ ಬಳಿಸಲು ಸಾಲಕ್ಕೆ ಕೈಯೊಡ್ಡುವ ಗೃಹಸ್ಥರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಬಣ್ಣ ಮಾಸಿದ ಮೇಲೆಯೂ ಸಾಲ ಮಾಸುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ವಿವೇಕ ಗೋಡೆಯ ವಿಷಯದಲ್ಲಿಯೂ ಸಲ್ಲತಕ್ಕದ್ದೇ. ಮನೆಯ ಚೆಲುವಿಗೆ ಮೊದಲು ಬೇಕಾದುದು ಚೊಕ್ಕಟತನ. ಚೊಕ್ಕಟತನಕ್ಕೆ ಬೇಕಾದುದು ದುಡಿಯುವ ಕೈ ಮತ್ತು ತಿಳಿದ ಮನಸ್ಸು. ಹಣದ ಸ್ಥಾನ ಇವೆರಡರ ಅನಂತರವೇ.

ಹಿರಿಯರು ಈ ಸತ್ಯವನ್ನು ಹಬ್ಬಗಳೊಡನೆ ಹೆಣೆದು ಬಾಳಿದರು. ಯುಗಾದಿಗೆ ಮುನ್ನ ಗೋಡೆಗೆ ಸುಣ್ಣ. ಬಾಗಿಲಿಗೆ ಮಾವಿನೆಲೆಯ ತೋರಣ. ಮಹಾನವಮಿ ಬಂದಿತೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಾಸಿಗೆ ಹೊದಿಕೆಗಳೆಲ್ಲ ಹಳ್ಳಕ್ಕೋ ಕೆರೆಗೋ ಹೋಗಿ ತೊಳೆದು ಬರುತ್ತವೆ. ದೀಪಾವಳಿಯ ಮುನ್ನಾದಿನ ನೀರು ತುಂಬುವ ಹಬ್ಬ. ಅಂದು ಬಚ್ಚಲುಮನೆಯ ಹಂಡೆಯನ್ನು ಉಜ್ಜಿ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆಯೆಳೆದು, ಮಲೆನಾಡಿನಲ್ಲಾದರೆ ಹಿಂಡಲಕಾಯಿಯ ಬಳ್ಳಿಯನ್ನು ಅದರ ಕೊರಳಿಗೆ ಸುತ್ತಿ, ಹೊಸನೀರನ್ನು ತುಂಬುತ್ತಾರೆ. ವರ್ಷವಿಡೀ ಹೊಗೆ ಮಸಿಗಳ ನಡುವೆ ದುಡಿದ ಹಂಡೆಗೆ ಒಂದು ದಿನದ ಸಿಂಗಾರ! ಇದಕ್ಕೆ ತಗಲುವ ವೆಚ್ಚವಾದರೂ ಎಷ್ಟು? ತೊಳೆಯುವುದು ಮೊದಲು, ಸಿಂಗರಿಸುವುದು ಆಮೇಲೆ ಎಂಬ ಕ್ರಮವನ್ನು ಈ ಹಬ್ಬಗಳೇ ಕಲಿಸುತ್ತವೆ.

ತೊಳೆಯುವ ಸಾಮಗ್ರಿಗಳು ಬಹುಪಾಲು ಅಡಿಗೆಮನೆಯಲ್ಲಿಯೇ ದೊರಕುತ್ತವೆ. ಕಿಲುಬು ಹಿಡಿದ ತಾಮ್ರ ಹಿತ್ತಾಳೆಗಳ ಪಾತ್ರೆಯನ್ನು ಹುಣಸೆಹಣ್ಣಿನಿಂದ ಉಜ್ಜುವ ವಾಡಿಕೆ ಬಹು ಹಳೆಯದು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಲೋಹದ ಮೇಲಣ ಕಿಲುಬನ್ನು ಕರಗಿಸುವುದೇ ಇದರ ಗುಟ್ಟು. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿರುವುದರಿಂದ ಅದು ಜಿಡ್ಡನ್ನು ಬಿಡಿಸುತ್ತದೆ. ಅಂಟುವಾಳಕಾಯಿಯನ್ನು ನೀರಿನಲ್ಲಿ ನೆನೆಯಿಟ್ಟು ಕಿವುಚಿದರೆ ನೊರೆ ಬರುತ್ತದೆ. ಆ ನೊರೆ ರೇಷ್ಮೆ ಉಣ್ಣೆಗಳಂಥ ನವುರಾದ ಬಟ್ಟೆಗೂ ಹಿತಕರ. ತೆಂಗಿನ ಗರಿಯ ಕಡ್ಡಿಗಳನ್ನು ಕಟ್ಟಿದರೆ ಅಂಗಳಕ್ಕೆ ಪೊರಕೆಯಾಗುತ್ತದೆ. ಹರಿದ ಹತ್ತಿಯ ಪಂಚೆ ನೆಲ ಒರೆಸುವ ಬಟ್ಟೆಯಾಗುತ್ತದೆ. ಹಳೆಯ ವೃತ್ತಪತ್ರಿಕೆಯನ್ನು ತುಸು ಒದ್ದೆ ಮಾಡಿ ಉಜ್ಜಿದರೆ ಕಿಟಕಿಯ ಗಾಜು ಹೊಳೆಯುತ್ತದೆ.

ಆದರೆ ಸಾಮಗ್ರಿ ಅಗ್ಗವಾದ ಮಾತ್ರಕ್ಕೆ ಎಲ್ಲ ಕಡೆಗೂ ಹೊಂದುವುದೆಂದು ತಿಳಿಯಬಾರದು. ನಿಂಬೆ, ಹುಣಸೆ, ವಿನೆಗರ್ ಮೊದಲಾದ ಹುಳಿ ಪದಾರ್ಥಗಳು ಅಮೃತಶಿಲೆಯ ನೆಲವನ್ನು ತಿಂದು ಅದರ ಹೊಳಪನ್ನು ಕೆಡಿಸುತ್ತವೆ. ಬ್ಲೀಚಿಂಗ್ ಪುಡಿಯನ್ನು ಆಮ್ಲದೊಡನೆ ಬೆರಸಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಒಂದು ಔಷಧಿಗಿಂತ ಎರಡು ಸೇರಿದರೆ ಹೆಚ್ಚು ಶುಭ್ರವಾದೀತೆಂಬ ಆಸೆಯಿಂದ ಮುಚ್ಚಿದ ಬಚ್ಚಲಿನಲ್ಲಿ ಅವನ್ನು ಬೆರಸುವುದು ಪ್ರಾಣಾಪಾಯಕ್ಕೆ ಎಡೆಗೊಡಬಹುದು. ಕೈಗೆಲಸಕ್ಕೆ ಉತ್ಸಾಹವೆಷ್ಟು ಮುಖ್ಯವೋ ತಿಳಿವಳಿಕೆಯೂ ಅಷ್ಟೇ ಮುಖ್ಯ.

ಕೆಲಸಕ್ಕೊಂದು ಕ್ರಮವಿದ್ದರೆ ಶ್ರಮ ಅರ್ಧದಷ್ಟು ಇಳಿಯುತ್ತದೆ. ನೆಲವನ್ನು ಗುಡಿಸಿ ಒರೆಸಿದ ಮೇಲೆ ಮಾಡಿನ ಜೇಡರಬಲೆಯನ್ನು ಕೆಡಹುವವನು ಒಂದೇ ಕೆಲಸವನ್ನು ಎರಡು ಸಲ ಮಾಡಬೇಕಾಗುತ್ತದೆ. ಮೊದಲು ಮಾಡು, ಆಮೇಲೆ ಗೋಡೆ, ಬಳಿಕ ಕಪಾಟು ಕಿಟಕಿಗಳು, ಕಟ್ಟಕಡೆಗೆ ನೆಲ ಎಂಬುದು ಸರಿಯಾದ ಕ್ರಮ. ಒಣಬಟ್ಟೆಯಿಂದ ಕೊಡಹಿದ ಧೂಳು ಗಾಳಿಗೇರಿ ಮತ್ತೆ ಅಲ್ಲಿಯೇ ಬಂದು ಕೂರುತ್ತದೆ. ತೇವದ ಬಟ್ಟೆ ಅದನ್ನು ಹಿಡಿದಿಡುತ್ತದೆ. ಹಾಸಿಗೆಗಳನ್ನು ಬಿಸಿಲಿಗೆ ಹಾಕಿದರೆ ತೇವವೂ ಮುಗ್ಗುವಾಸನೆಯೂ ದೂರವಾಗುತ್ತವೆ. ಬಿಸಿಲಿಗೆ ಬೆಲೆಯಿಲ್ಲ, ಕಿಟಕಿಯನ್ನು ತೆರೆದರೆ ಸಾಕು, ಬೆಳಕೂ ಗಾಳಿಯೂ ಕೂಲಿ ಕೇಳದೆ ಕೆಲಸ ಮಾಡುತ್ತವೆ.

ಚೊಕ್ಕಟತನ ಕಣ್ಣಿನ ಸುಖಕ್ಕಾಗಿ ಮಾತ್ರವಿರುವುದಲ್ಲ. ಡೆಂಗೆ, ಚಿಕುನ್‌ಗುನ್ಯ ಜ್ವರಗಳನ್ನು ಹರಡುವ ಈಡಿಸ್ ಸೊಳ್ಳೆ ಊರ ಚರಂಡಿಯಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ಮನೆಯೊಳಗೆ ತುಂಬಿಟ್ಟ ತಿಳಿನೀರಿನಲ್ಲಿ ಹುಟ್ಟುತ್ತದೆ. ಮೊಟ್ಟೆಯೊಡೆದು ಮರಿಯಾಗಿ ಹಾರುವ ಸೊಳ್ಳೆಯಾಗಲು ಅದಕ್ಕೆ ಸುಮಾರು ಒಂದು ವಾರ ಹತ್ತು ದಿನ ಸಾಕು. ಆದುದರಿಂದಲೇ ತೊಟ್ಟಿ ಪೀಪಾಯಿಗಳನ್ನು ವಾರಕ್ಕೊಮ್ಮೆ ಬರಿದುಮಾಡಬೇಕೆಂದು ಆರೋಗ್ಯ ಇಲಾಖೆಯವರು ಹೇಳುತ್ತಾರೆ. ಬರಿದುಮಾಡಿದರಷ್ಟೇ ಸಾಲದು, ಒಳಮೈಯನ್ನು ತಿಕ್ಕಿ ತೊಳೆಯಬೇಕು. ಏಕೆಂದರೆ ಈ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಅಂಚಿಗೆ ಅಂಟಿಕೊಂಡು, ನೀರಿಲ್ಲದೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರಬಲ್ಲವು. ಒಂದು ಹಿಡಿ ತೆಂಗಿನ ನಾರು ಇಲ್ಲಿ ವೈದ್ಯನ ಕೆಲಸವನ್ನು ಮಾಡುತ್ತದೆ.

ಚೊಕ್ಕಟವಾದ ಮನೆಗೆ ಒಪ್ಪವಿಡುವುದು ಮುಂದಿನ ಮಾತು. ಗೋಡೆಯ ವಿಷಯದಲ್ಲಿ ಸುಣ್ಣಕ್ಕಿಂತ ಅಗ್ಗವಾದ, ಸುಣ್ಣದಷ್ಟು ಗುಣವುಳ್ಳ ಬಳಿಪು ದುರ್ಲಭ. ಒಳನಾಡಿನಲ್ಲಿ ಸುಣ್ಣಕಲ್ಲನ್ನೂ ಕರಾವಳಿಯಲ್ಲಿ ಚಿಪ್ಪುಗಳನ್ನೂ ಸುಟ್ಟು ಸುಣ್ಣ ಮಾಡುವುದುಂಟು. ಸುಟ್ಟ ಸುಣ್ಣಕ್ಕೆ ನೀರು ಬಿದ್ದೊಡನೆ ಅದು ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ತೆಳುವಾಗಿ ಕಲಸಿ, ನೀರು ಚಿಮುಕಿಸಿದ ಗೋಡೆಗೆ ನಾರಿನ ಕುಂಚದಿಂದ ಬಳಿಯುತ್ತಾರೆ. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಅಂದರೆ ಸುಣ್ಣ ಬಳಿದ ಗೋಡೆಗೆ ತೆಳುವಾದ ಕಲ್ಲಿನ ಹೊದಿಕೆ ಬಂದಂತಾಯಿತು! ಸುಣ್ಣದ ಕ್ಷಾರಗುಣದಿಂದ ಬೂಷ್ಟು ಬೆಳೆಯುವುದಿಲ್ಲ. ಗೋಡೆಯೊಳಗಿನ ತೇವ ಹೊರಬರಲು ಸುಣ್ಣ ಅಡ್ಡಿಮಾಡುವುದೂ ಇಲ್ಲ.

ಹಸಿಸುಣ್ಣ ಬಳಿದೊಡನೆ ಗೋಡೆ ಬೆಳ್ಳಗೆ ಕಾಣುವುದಿಲ್ಲ. ಒಣಗಿದ ಮೇಲೆ ಬಿಳುಪು ಮೂಡುತ್ತದೆ. ಇದನ್ನರಿಯದ ಹೊಸಬರು ಬಿಳುಪು ಸಾಲದೆಂದು ದಪ್ಪಗೆ ಬಳಿಯುತ್ತಾರೆ. ದಪ್ಪವಾದ ಸುಣ್ಣ ಹಕ್ಕಳೆಯಾಗಿ ಉದುರುತ್ತದೆ. ತೆಳುವಾಗಿ ಎರಡು ಮೂರು ಸಲ ಬಳಿಯುವುದೇ ಜಾಣತನ. ಎಣ್ಣೆಬಣ್ಣ ಬಳಿದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲವೆಂಬುದನ್ನೂ, ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯವೆಂಬುದನ್ನೂ ನೆನಪಿನಲ್ಲಿಡಬೇಕು. ಸುಟ್ಟ ಸುಣ್ಣಕ್ಕೆ ನೀರು ಹಾಕುವ ಕೆಲಸವನ್ನು ಮಕ್ಕಳಿಗೆ ಬಿಡಬಾರದು. ಹಳೆಯ ಎಣ್ಣೆಬಣ್ಣವನ್ನು ಒಣಗಿದಂತೆಯೇ ಕೆರೆಯುವುದೂ ಒಳ್ಳೆಯದಲ್ಲ. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ ೯೦ ಭಾಗವನ್ನು ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ ಮಾಡಿದ್ದು ೨೦೧೬ರಲ್ಲಿ. ಅದಕ್ಕೆ ಹಿಂದಿನ ಬಣ್ಣಗಳಲ್ಲಿ ಸೀಸ ಹೆಚ್ಚಾಗಿದ್ದಿರಬಹುದು. ಅದರ ಧೂಳು ಮಕ್ಕಳ ಮಿದುಳಿಗೆ ಹಾನಿಕರ.

ಗೋಡೆಯಲ್ಲಿ ನೀರು ಜಿನುಗುತ್ತಿರುವಾಗ ಮೇಲೆ ಬಣ್ಣ ಬಳಿಯುವುದು ಹುಣ್ಣಿನ ಮೇಲೆ ರೇಷ್ಮೆ ಹೊದಿಸಿದಂತೆ. ಒಡೆದ ಹೆಂಚನ್ನು ಬದಲಿಸಿ, ಕಟ್ಟಿದ ದೋಣಿಯ ಕಸವನ್ನು ತೆಗೆದು, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಕಾಲುವೆ ತೋಡಿದ ಮೇಲೆಯೇ ಬಣ್ಣದ ಯೋಚನೆ ಮಾಡಬೇಕು. ಮರೆಮಾಡುವ ಅಲಂಕಾರ ಅಲಂಕಾರವಲ್ಲ.

ನಿಜವಾದ ಅಲಂಕಾರ ಹೇಗಿರುತ್ತದೆಂಬುದನ್ನು ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಸೀಮೆಯಲ್ಲಿ ನೋಡಬಹುದು. ಅಲ್ಲಿನ ದೀವರ ಹೆಣ್ಣುಮಕ್ಕಳು ಮದುವೆಯ ಕಾಲದಲ್ಲಿ ಗೋಡೆಯ ಮೇಲೆ ಹಸೆಚಿತ್ತಾರವನ್ನು ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯೇ ಅವರ ಹಲಗೆ. ಅಕ್ಕಿಯ ಹಿಟ್ಟಿನಿಂದ ಬಿಳುಪು, ಹುರಿದು ಕರಿಕುಮಾಡಿದ ಅಕ್ಕಿಯಿಂದ ಕಪ್ಪು, ಗುರಿಗೆಯ ಬೀಜದಿಂದ ಹಳದಿ, ಪುಂಡಿಯ ನಾರಿನಿಂದ ಕುಂಚ. ಅಂಗಡಿಯಿಂದ ತರಬೇಕಾದುದು ಏನೂ ಇಲ್ಲ. ಆದರೂ ಆ ಗೆರೆಗಳ ಅಚ್ಚುಕಟ್ಟು ನೋಡುವವರನ್ನು ಬೆರಗುಗೊಳಿಸುತ್ತದೆ. ಹಾಗೆಯೇ ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಜೋಡಿಸಿ ಹೊಲಿದ ಕೌದಿಯಲ್ಲಿ ಮನೆಮಂದಿಯ ನೆನಪೆಲ್ಲ ಬಣ್ಣಬಣ್ಣವಾಗಿ ಉಳಿದಿರುತ್ತದೆ. ಬೆಳಗಿನ ರಂಗೋಲಿಯಂತೂ ಒಂದು ಹಿಡಿ ಪುಡಿಯಲ್ಲಿ ಬಾಗಿಲಿಗೆ ಬರುವ ಕಳೆ. ಕೊಂಡು ತಂದ ವಸ್ತು ಕೊಟ್ಟ ಹಣವನ್ನು ತೋರಿಸುತ್ತದೆ. ಮಾಡಿದ ವಸ್ತು ಮಾಡಿದವರನ್ನು ತೋರಿಸುತ್ತದೆ.

ಇಷ್ಟೆಲ್ಲವನ್ನೂ ಯಾರು ಮಾಡತಕ್ಕದ್ದು? ಈ ಪ್ರಶ್ನೆಯನ್ನು ಕೇಳದೆ ಮನೆಯ ಚೆಲುವನ್ನು ಹೊಗಳುವುದು ನ್ಯಾಯವಲ್ಲ. ೨೦೧೯ರಲ್ಲಿ ಭಾರತ ಸರ್ಕಾರ ನಡೆಸಿದ ಕಾಲಬಳಕೆಯ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನು ಅದಕ್ಕಾಗಿ ವ್ಯಯಿಸುತ್ತಿದ್ದರು. ಗಂಡಸರು ೯೭ ನಿಮಿಷಗಳನ್ನು. ಅದೂ ಆ ಕೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ; ಹಾಗೆ ಕೈಹಾಕಿದವರು ನೂರಕ್ಕೆ ಇಪ್ಪತ್ತಾರು ಮಂದಿ ಮಾತ್ರ. ‘ನಾವೇ ಮಾಡಿಕೊಳ್ಳೋಣ’ ಎಂದು ಯಜಮಾನ ನುಡಿದು, ಮಾಡುವ ಭಾರವೆಲ್ಲ ಹೆಂಡತಿಯ ಮೇಲೂ ಮಗಳ ಮೇಲೂ ಬೀಳುವುದಾದರೆ, ಉಳಿತಾಯವಾದ ಹಣ ಅವರ ಬೆವರಿನಿಂದ ಕದ್ದದ್ದೇ ಆಗುತ್ತದೆ. ಪರೀಕ್ಷೆಯ ಹಿಂದಿನ ಸಂಜೆ ಮಗ ಓದುತ್ತ ಕುಳಿತಿರುವಾಗ, ಅದೇ ಪರೀಕ್ಷೆಗೆ ಕೂರಬೇಕಾದ ಮಗಳು ನೆಲ ಒರೆಸುತ್ತಿರುವ ಮನೆ ಎಷ್ಟೇ ಹೊಳೆದರೂ ಚೆಲುವಾದ ಮನೆಯಲ್ಲ.

ಪೊರಕೆ ಹಿಡಿದರೆ ಗೌರವ ಕುಂದುವುದೆಂಬ ಭ್ರಮೆಗೆ ಮಹಾತ್ಮ ಗಾಂಧಿಯವರ ನಡತೆಯೇ ತಕ್ಕ ಉತ್ತರ. ೧೯೦೧ರಲ್ಲಿ ಕಲ್ಕತ್ತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಪಾಯಿಖಾನೆಗಳ ಹೊಲಸನ್ನು ಕಂಡು ಅವರು ಸ್ವಯಂಸೇವಕರಿಗೆ ಅದನ್ನು ತೋರಿಸಿದರು. ಅದು ತಮ್ಮ ಕೆಲಸವಲ್ಲವೆಂದು ಸ್ವಯಂಸೇವಕರು ಹೇಳಿದರು. ಗಾಂಧಿಯವರು ಪೊರಕೆಯೊಂದನ್ನು ಕೇಳಿ ತಂದು ತಾವೇ ಶುಚಿಮಾಡಿದರು. ಆಗ ಅವರು ಬ್ಯಾರಿಸ್ಟರು. ದಕ್ಷಿಣ ಆಫ್ರಿಕದಲ್ಲಿ ಹೆಸರು ಗಳಿಸಿದವರು. ಪೊರಕೆಯಿಂದ ಅವರ ಹಿರಿಮೆ ಕುಗ್ಗಲಿಲ್ಲ.

ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ತಾವೇ ಮಾಡಿಕೊಂಡರೆ ಬಣ್ಣ ಬಳಿಯುವವರು, ಗಾರೆಯವರು, ಬಡಗಿಗಳು ಹೇಗೆ ಬದುಕಬೇಕೆಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದುದೇ. ಎತ್ತರದ ಗೋಡೆ, ವಿದ್ಯುತ್ತಿನ ತಂತಿ, ಮಾಡಿನ ರಿಪೇರಿಗಳಿಗೆ ಪಳಗಿದ ಕೈಯೇ ಬೇಕು. ಅಲ್ಲಿ ದುಡ್ಡುಳಿಸಲು ಹೋಗಿ ಏಣಿಯಿಂದ ಬೀಳುವುದು ಜಾಣತನವಲ್ಲ. ಮೇಲಾಗಿ, ಒಂದು ಸಲ ತಾನೇ ಕುಂಚ ಹಿಡಿದು ತೋಳು ನೋಯಿಸಿಕೊಂಡವನು ಕುಶಲಕರ್ಮಿಯ ಕೂಲಿಯಲ್ಲಿ ಚೌಕಾಸಿ ಮಾಡಲು ನಾಚುತ್ತಾನೆ. ಇನ್ನು ಹಗಲೆಲ್ಲ ಕೂಲಿ ಮಾಡಿ ಸಂಜೆ ಸೊರಗಿ ಬರುವವರಿಗೆ ಮನೆಯನ್ನು ಸಿಂಗರಿಸಿರೆಂದು ಉಪದೇಶಿಸುವುದು ಸುಲಭವಲ್ಲ. ಮೈಲಿ ದೂರದಿಂದ ನೀರು ಹೊತ್ತು ತರುವ ಮನೆಯಲ್ಲಿ ನೆಲ ತೊಳೆಯುವ ಮಾತು ಕಠೋರವಾದೀತು. ಅಂಥಲ್ಲಿ ನಲ್ಲಿಯನ್ನೂ ಚರಂಡಿಯನ್ನೂ ಒದಗಿಸುವುದು ಸಮಾಜದ ಹೊಣೆ. ಮನೆಯವರ ಶ್ರದ್ಧೆ ಆ ಹೊಣೆಗೆ ಬದಲಿಯಾಗಲಾರದು.

ಆದರೆ ಕೈಗೆಟಕುವಷ್ಟು ಕೆಲಸವನ್ನು ಮನೆಮಂದಿಯೆಲ್ಲ ಹಂಚಿಕೊಂಡು ಮಾಡುವುದಕ್ಕೆ ಅಡ್ಡಿಯೇನೂ ಇಲ್ಲ. ಭಾನುವಾರದ ಬೆಳಗ್ಗೆ ತಂದೆ ಮಾಡಿನ ಬಲೆ ತೆಗೆಯಲಿ. ಮಗ ತೊಟ್ಟಿಯನ್ನು ತಿಕ್ಕಲಿ. ಮಗಳು ಪುಸ್ತಕದ ಕಪಾಟನ್ನು ಜೋಡಿಸಲಿ. ತಾಯಿ ಒಂದು ಗಳಿಗೆ ಕುಳಿತು ತನಗಿಷ್ಟವಾದ ರಂಗೋಲಿಯನ್ನು ಬಿಡಿಸಲಿ. ಮಧ್ಯಾಹ್ನದ ಊಟಕ್ಕೆ ಕುಳಿತಾಗ ಆ ಮನೆಯವರು ಸುತ್ತಲೂ ನೋಡಿ ಪಡುವ ಸಂತೋಷ ಅಂಗಡಿಯಲ್ಲಿ ದೊರಕುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರೆಂದು ಹಿರಿಯರು ಹೇಳಿದ್ದಾರೆ. ಕೆಸರಾದ ಕೈಗಳು ಮನೆಯವರೆಲ್ಲರವೂ ಆಗಿದ್ದಲ್ಲಿ ಮಾತ್ರ ಆ ಮೊಸರು ಎಲ್ಲರಿಗೂ ಸಮನಾಗಿ ರುಚಿಸುತ್ತದೆ.