ಗೆರೆ ನಮ್ಮದು, ಹಾಳೆ ಯಾರದು?

ಸೇವ್ ಬಟನ್ನೇ ಇಲ್ಲದ ಡ್ರಾಯಿಂಗ್ ಸಾಫ್ಟ್‌ವೇರ್ ನೋಡಿದ್ದೀರಾ? ಗೂಗಲ್ ಡಾಕ್ಸ್ ಬಳಸೋರು "ಅದರಲ್ಲೇನು ವಿಶೇಷ" ಅಂತೀರಿ. ಆದರೆ ಮನೆಯ ನಕ್ಷೆ, ಯಂತ್ರದ ಬಿಡಿಭಾಗ, ಗೇಟಿನ ಡಿಸೈನು ಬಿಡಿಸುವ ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಸೇವ್ ಬಟನ್ ಇಲ್ಲ ಅಂದ್ರೆ ಅದು ಸಣ್ಣ ಮಾತಲ್ಲ. ಕರೆಂಟ್ ಯಾವಾಗ ಹೋಗುತ್ತೋ ಅಂತ ಐದು ನಿಮಿಷಕ್ಕೊಮ್ಮೆ ಕಂಟ್ರೋಲ್-ಎಸ್ ಒತ್ತಿ ಬೆಳೆದ ಕೈಗಳು ನಮ್ಮವು.

ವಿಟಿಯು ಕಾಲೇಜಲ್ಲಿ ಓದಿದವರಿಗೆ ಸಿಎಇಡಿ ಲ್ಯಾಬ್ ನೆನಪಿರಲೇಬೇಕು. ಬ್ರಾಂಚ್ ಯಾವುದಾದರೂ ಸರಿ, ಸಾಲಿಡ್ ಎಡ್ಜ್ ತೆರೆದು ಷಟ್ಕೋನದ ಪ್ರಿಸಂ ಒಂದನ್ನು ವಾಲಿಸಿ ನಿಲ್ಲಿಸಿ, ಅದರ ಮೇಲ್ನೋಟ, ಮುನ್ನೋಟ ಬಿಡಿಸಬೇಕಿತ್ತು. ಆ ಸಾಫ್ಟ್‌ವೇರ್ ಇದ್ದದ್ದು ಲ್ಯಾಬಿನ ಕಂಪ್ಯೂಟರಿನಲ್ಲಿ. ಲ್ಯಾಬಿಗೆ ಬೀಗ ಬಿತ್ತು ಅಂದ್ರೆ ಡ್ರಾಯಿಂಗಿಗೂ ಬೀಗ.

ಕ್ಯಾಡ್ ಹುಟ್ಟಿದ್ದೇ ಹೀಗೆ, ಒಂದು ಯಂತ್ರಕ್ಕೆ ಅಂಟಿಕೊಂಡು. 1963ರಲ್ಲಿ ಎಂಐಟಿಯ ಇವಾನ್ ಸದರ್ಲ್ಯಾಂಡ್ ಲೈಟ್ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆಯುವ ಸ್ಕೆಚ್‌ಪ್ಯಾಡ್ ಮಾಡಿದಾಗ ಅದು ಓಡುತ್ತಿದ್ದದ್ದು ಕೋಣೆ ತುಂಬುವಂಥ ಕಂಪ್ಯೂಟರಿನಲ್ಲಿ. 1982ರಲ್ಲಿ ಆಟೋಕ್ಯಾಡ್ ಬಂದು ಅದನ್ನು ಮೇಜಿನ ಮೇಲಿಟ್ಟಿತು. ಈಗ ಅದೇ ಕೆಲಸ ಮೇಜಿನಿಂದ ಎದ್ದು ಕ್ಲೌಡಿಗೆ ಹೊರಟಿದೆ. ಬೆಂಗಳೂರಿನಲ್ಲಿ ನನ್ನ ಸಂಬಳದ ಕೆಲಸವೂ ಅದೇ: ಡೆಸ್ಕ್‌ಟಾಪ್‌ಗೆಂದು ಬರೆದ ಹಳೆಯ ಡ್ರಾಯಿಂಗ್ ಸಾಫ್ಟ್‌ವೇರನ್ನು ಬ್ರೌಸರಿನಲ್ಲಿ ಓಡುವ ಹಾಗೆ ಮಾಡೋದು.

ಊರಿಂದ ಬಂದ ಪ್ರಶ್ನೆ

ನಮ್ಮೂರು ಗುಡೂರು. ಬಾಗಲಕೋಟೆ ಜಿಲ್ಲೆಯಲ್ಲಿ ಬಾದಾಮಿ, ಹುನಗುಂದ, ಇಳಕಲ್ ಈ ಮೂರರ ನಡುವಿನ ಊರು. ಅಲ್ಲಿ ನಮ್ಮ ದೊಡ್ಡಪ್ಪನ ಮಗ ಒಂದು ವೆಲ್ಡಿಂಗ್ ಶಾಪ್ ಇಟ್ಟಿದ್ದಾನೆ. ಗೇಟು, ಕಿಟಕಿ ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರಿನ ರಿಪೇರಿ. ಈಗಿನ ಗಿರಾಕಿಗಳಿಗೆ ಬರೀ ಸರಳಿನ ಗೇಟು ಸಾಲದು, ಶೀಟಿನಲ್ಲಿ ಬಳ್ಳಿ, ನವಿಲು ಕೊರೆದಿರಬೇಕು. ಅಣ್ಣ ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ, ಡಿಎಕ್ಸ್‌ಎಫ್ ಫೈಲನ್ನು ಸಿಎನ್‌ಸಿ ಕಟಿಂಗ್ ಮಷಿನ್ ಇದ್ದವರಿಗೆ ಕಳಿಸಿ ಕತ್ತರಿಸಿ ತರ್ತಾನೆ.

ಆ ಕಂಪ್ಯೂಟರ್ ವಿಂಡೋಸ್ 10ರದ್ದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿತು. ಹೊಸ ಕಂಪ್ಯೂಟರ್ ತರಬೇಕೋ, ಡಿಪ್ಲೊಮಾ ಮುಗಿಸಿ ಬಂದಿರುವ ಮಗ ಹೇಳ್ತಿರೋ ಹಾಗೆ ಕ್ಲೌಡ್ ಕ್ಯಾಡ್‌ಗೆ ತಿಂಗಳ ಬಾಡಿಗೆ ಕಟ್ಟಬೇಕೋ ಅಂತ ತಂದೆ-ಮಗನ ನಡುವೆ ವಾದ ಹತ್ತಿತ್ತು. ಅಣ್ಣ ಫೋನ್ ಮಾಡಿ ಕೇಳಿದ್ದು ರೇಟಲ್ಲ, ಸ್ಪೀಡಲ್ಲ.

"ತಮ್ಮಾ, ಹತ್ತು ವರ್ಷದ ಡಿಸೈನ್ ಅದಾವು. ಅಲ್ಲಿ ಇಟ್ರ ಅವು ನಂದ ಇರ್ತಾವೋ, ಅವರದ ಆಗ್ತಾವೋ?"

ನಮ್ಮ ಆಫೀಸಿನ ಮೀಟಿಂಗುಗಳಲ್ಲಿ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಯಾರೂ ಕೇಳಿದ್ದಿಲ್ಲ. ಉತ್ತರ ಹೇಳೋಕೆ ಮೊದಲು ಈ 'ಸ್ಥಳಾಂತರ' ಹೇಗೆ ನಡೆಯುತ್ತೆ ಅಂತ ಸ್ವಲ್ಪ ನೋಡಬೇಕು.

ಹೋಗುವ ದಾರಿ ಮೂರು

ಹಳೆಯ ಕ್ಯಾಡ್ ಸಾಫ್ಟ್‌ವೇರ್ ಅಂದ್ರೆ ಲಕ್ಷಾಂತರ ಸಾಲುಗಳ ಸಿ++ ಕೋಡು. ಬರೆದವರ ಮನಸ್ಸಿನಲ್ಲಿ ಇದ್ದದ್ದು ಒಬ್ಬ ಮನುಷ್ಯ, ಒಂದು ಕಂಪ್ಯೂಟರ್, ಒಂದು ಫೈಲ್. ಇದನ್ನು ಕ್ಲೌಡಿಗೆ ಒಯ್ಯೋಕೆ ಮೂರು ದಾರಿ ಇವೆ.

ಮೊದಲನೆಯದು ಸುಲಭದ ದಾರಿ. ಸಾಫ್ಟ್‌ವೇರನ್ನು ಮುಟ್ಟೋದೇ ಇಲ್ಲ. ಅದು ಎಲ್ಲೋ ದೊಡ್ಡ ಸರ್ವರಿನಲ್ಲಿ ಓಡುತ್ತೆ, ನಿಮಗೆ ಬರೋದು ಅದರ ಪರದೆಯ ವಿಡಿಯೊ ಮಾತ್ರ. ಸರ್ವರ್ ಮುಂಬೈಯಲ್ಲಿದೆ ಅಂದ್ಕೊಳ್ಳಿ. ಗುಡೂರಿನಲ್ಲಿ ಮೌಸ್ ಒಂದಿಂಚು ಸರಿಸಿದರೆ ಆ ಸುದ್ದಿ ಹೆಚ್ಚುಕಡಿಮೆ 500 ಕಿಲೋಮೀಟರ್ ಹೋಗಿ, ಅಷ್ಟೇ ದೂರ ವಾಪಸ್ ಬರಬೇಕು. ನೆಟ್ ಚೆನ್ನಾಗಿದ್ದರೆ ಗೊತ್ತೇ ಆಗಲ್ಲ. ನೆಟ್ ಸೊರಗಿದರೆ ಮಜ್ಜಿಗೆ ಕಡೆಯುವ ಹಗ್ಗ ಸಡಿಲಾದ ಹಾಗೆ: ಕೈ ಎಳೀತಾನೇ ಇರುತ್ತೆ, ಕಡಗೋಲು ತಿರುಗಲ್ಲ.

ಎರಡನೆಯದು, ಹಳೆಯ ಕೋಡನ್ನೇ ಬ್ರೌಸರಿಗೆ ಅರ್ಥವಾಗುವ ರೂಪಕ್ಕೆ ಇಳಿಸೋದು. ವೆಬ್ ಅಸೆಂಬ್ಲಿ ಅನ್ನೋ ತಂತ್ರ 2017ರ ಹೊತ್ತಿಗೆ ಮುಖ್ಯ ಬ್ರೌಸರುಗಳಿಗೆಲ್ಲ ಬಂತು. ಮರುವರ್ಷವೇ ಆಟೋಕ್ಯಾಡ್ ಅದನ್ನು ಬಳಸಿ ಬ್ರೌಸರಿನೊಳಗೆ ಬಂತು. ಮೊದಲ ವೆಬ್‌ಸೈಟ್ ಬಂದಿದ್ದು 1991ರಲ್ಲಿ, ಆಟೋಕ್ಯಾಡ್ 1982ರದ್ದು. ವೆಬ್ಬಿಗಿಂತ ವಯಸ್ಸಿನಲ್ಲಿ ದೊಡ್ಡದಾದ ಸಾಫ್ಟ್‌ವೇರ್ ವೆಬ್ಬಿನ ಮನೆಗೇ ಬಂದು ಕೂತಂತಾಯ್ತು.

ಮೂರನೆಯದು, ಎಲ್ಲ ಕೆಡವಿ ಹೊಸದಾಗಿ ಕಟ್ಟೋದು. ಸಾಲಿಡ್‌ವರ್ಕ್ಸ್ ಕಟ್ಟಿದ ಜಾನ್ ಹರ್ಷ್‌ಟಿಕ್ ಮತ್ತು ಸಂಗಡಿಗರು 2012ರಲ್ಲಿ ಶುರು ಮಾಡಿದ ಕಂಪನಿಯ ಆನ್‌ಶೇಪ್ ಇಂಥದ್ದು. 2015ರಲ್ಲಿ ಅದು ಎಲ್ಲರಿಗೂ ತೆರೆಯಿತು, 2019ರಲ್ಲಿ ಪಿಟಿಸಿ ಕಂಪನಿ ಸುಮಾರು 47 ಕೋಟಿ ಡಾಲರಿಗೆ ಕೊಂಡಿತು. ಇಲ್ಲಿ ಲೆಕ್ಕವೆಲ್ಲ ಸರ್ವರಿನಲ್ಲಿ, ನಿಮ್ಮ ಬ್ರೌಸರ್ ಚಿತ್ರ ತೋರಿಸುತ್ತೆ ಅಷ್ಟೆ. ನೀವು ಮಾಡಿದ ಒಂದೊಂದು ಬದಲಾವಣೆಯೂ ಮಾಡಿದ ಕೂಡಲೇ ದಾಖಲಾಗುತ್ತೆ. ಹಾಗಾಗಿ ಸೇವ್ ಬಟನ್ ಇಲ್ಲ, ಫೈಲ್ ಅನ್ನೋದೂ ಇಲ್ಲ. ತಮಾಷೆ ಏನಂದ್ರೆ, ಆಕಾರಗಳ ಲೆಕ್ಕ ಮಾಡುವ ಇದರ ಒಳಗಿನ ಎಂಜಿನ್ ಹೆಸರು ಪ್ಯಾರಾಸಾಲಿಡ್. ನಮ್ಮ ಸಿಎಇಡಿ ಲ್ಯಾಬಿನ ಸಾಲಿಡ್ ಎಡ್ಜ್ ಒಳಗೂ ಅದೇ ಇದೆ. ಮನೆ ಹೊಸದು, ಒಲೆ ಹಳೆಯದೇ.

ಎಂಜಿನಿಯರುಗಳ ನಿದ್ದೆ ಕೆಡಿಸೋದು ವೇಗವಲ್ಲ, ಒಂದೇ ಡ್ರಾಯಿಂಗಿನಲ್ಲಿ ಇಬ್ಬರು ಕೆಲಸ ಮಾಡೋದು. ಪತ್ರ ಬರೆಯುವಾಗ ನೀವು ಮೇಲಿನ ಸಾಲು, ನಾನು ಕೆಳಗಿನ ಸಾಲು ತಿದ್ದಿದರೆ ಜಗಳವಿಲ್ಲ. ಡ್ರಾಯಿಂಗಿನಲ್ಲಿ ಹಾಗಲ್ಲ. ನಾನು ಒಂದು ತೂತಿನ ಅಳತೆಯನ್ನು 10 ಮಿಲಿಮೀಟರಿನಿಂದ 12ಕ್ಕೆ ಏರಿಸುವಾಗಲೇ ನೀವು ಆ ತೂತನ್ನೇ ಅಳಿಸಿದರೆ? ಅದರಲ್ಲಿ ಕೂತಿದ್ದ ಬೋಲ್ಟ್ ಎಲ್ಲಿಗೆ ಹೋಗಬೇಕು? ನಾನು ಅನ್‌ಡೂ ಒತ್ತಿದರೆ ನನ್ನ ಕೆಲಸ ಮಾತ್ರ ಹಿಂದೆ ಹೋಗಬೇಕಾ, ನಿಮ್ಮದೂ ಹೋಗಬೇಕಾ? ಮೇಜಿನ ಮೇಲಿದ್ದಾಗ ಇಂಥ ಪ್ರಶ್ನೆಗಳೇ ಇರಲಿಲ್ಲ. "ಫೈಲ್ ಬೇರೆಯವರು ತೆರೆದಿದ್ದಾರೆ" ಅಂತ ಒಂದು ಡಬ್ಬಿ ಬರ್ತಿತ್ತು, ಕಾಯ್ತಿದ್ವಿ.

ಲಾಭ ಸುಳ್ಳಲ್ಲ

ಇಷ್ಟೆಲ್ಲ ಕಷ್ಟಪಟ್ಟು ಯಾಕೆ ಹೋಗಬೇಕು? ಹೋಗಲು ಕಾರಣ ಇದೆ. 16 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಅಂತ ದುಬಾರಿ ಯಂತ್ರ ಬೇಕಿಲ್ಲ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಕರೆಂಟ್ ಹೋದರೂ ಅಲ್ಲಿಯವರೆಗಿನ ಕೆಲಸ ಹೋಗಲ್ಲ. "ಗೇಟ್-ಫೈನಲ್-2-ಹೊಸಾದು" ಅಂತ ಹೆಸರಿಟ್ಟು ಆಮೇಲೆ ಯಾವುದು ನಿಜವಾದ ಫೈನಲ್ ಅಂತ ಹುಡುಕುವ ಗೋಳಿಲ್ಲ. ಸೈಟಿನಲ್ಲಿ ನಿಂತು ಫೋನಿನಲ್ಲೇ ಅಳತೆ ನೋಡಬಹುದು.

ಇನ್ನೂ ದೊಡ್ಡ ಲಾಭ ಕಲಿಯೋರಿಗೆ. ಕರ್ನಾಟಕ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿತು, 2022ರ ಜೂನ್‌ನಲ್ಲಿ ಅವು ಉದ್ಘಾಟನೆಯಾದವು. ಅಂಥ ಕಡೆ ಕಲಿತ ಹುಡುಗ ಸಂಜೆ ಮನೆಗೆ ಬಂದಾಗ ಅಭ್ಯಾಸ ಎಲ್ಲಿ ಮಾಡಬೇಕು? ಬ್ರೌಸರಿನಲ್ಲಿ ಕ್ಯಾಡ್ ಇದ್ದರೆ ಗುಡೂರಿನ ಪಡಸಾಲೆಯೂ ಲ್ಯಾಬೇ.

ಕಂಪನಿಗಳಿಗೂ ಲಾಭ ಇದೆ ಅನ್ನೋದನ್ನ ಮುಚ್ಚಿಡಬೇಕಿಲ್ಲ. ಕ್ಲೌಡಿನಲ್ಲಿ ಕಳ್ಳ ಕಾಪಿ ನಡೆಯಲ್ಲ. ಒಮ್ಮೆ ಮಾರಿ ಸುಮ್ಮನಾಗುವ ಬದಲು ತಿಂಗಳ ಬಾಡಿಗೆ ಬರುತ್ತೆ. ಅಣ್ಣನ ಪ್ರಶ್ನೆಗೆ ಉತ್ತರ ಇರೋದು ಈ ಬಾಡಿಗೆಯಲ್ಲೇ.

ಮಗ್ಗ ಯಾರದು, ನೂಲು ಯಾರದು

ಈ ಲೆಕ್ಕ ನಮ್ಮ ಕಡೆ ಜನಕ್ಕೆ ಹೊಸದಲ್ಲ. ಇಳಕಲ್ ಸೀಮೆಯ ಎಷ್ಟೋ ನೇಕಾರರ ಮನೆಯಲ್ಲಿ ನೂಲು ಸಾವ್ಕಾರರದು, ಮಗ್ಗ ನೇಕಾರನದು. ಸಾವ್ಕಾರರು ನೂಲು ಕೊಡ್ತಾರೆ, ಸೀರೆ ಒಯ್ತಾರೆ, ಕೂಲಿ ಕೊಡ್ತಾರೆ. ನಾಳೆ ಇಬ್ಬರಿಗೂ ಹೊಂದಲಿಲ್ಲ ಅಂದ್ರೆ ನೂಲು ವಾಪಸ್ ಹೋಗುತ್ತೆ. ಆದರೆ ಗುಣಿಯ ಮೇಲಿನ ಮಗ್ಗ ಅಲ್ಲೇ ಇರುತ್ತೆ. ಗೋಮಿ ದಡಿ ಹೇಗೆ, ಪರಾಸಪೇಟ ಹೇಗೆ, ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸೋದು ಹೇಗೆ ಅನ್ನೋದು ನೇಕಾರನ ಕೈಯಲ್ಲೇ ಉಳಿಯುತ್ತೆ. ಬೇರೆಯವರ ನೂಲು ತಂದು ಮರುದಿನವೇ ನೇಯಬಹುದು.

ಕ್ಲೌಡ್ ಕ್ಯಾಡ್‌ನಲ್ಲಿ ಇದು ತಿರುಗಾಮುರುಗಾ. ನೂಲು, ಅಂದ್ರೆ ಐಡಿಯಾ, ನಮ್ಮದು. ಕಾಗದದ ಮೇಲೆ ಡಿಸೈನಿನ ಹಕ್ಕೂ ಸಾಮಾನ್ಯವಾಗಿ ನಮ್ಮದೇ. ಆದರೆ ಮಗ್ಗ ಅವರದು. ಬಾಡಿಗೆ ನಿಂತರೆ ಮಗ್ಗ ನಿಲ್ಲುತ್ತೆ, ನೇಯ್ದದ್ದೂ ಅದರೊಳಗೇ ಸಿಕ್ಕಿಕೊಳ್ಳಬಹುದು.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2016ರಲ್ಲಿ ಆಟೋಡೆಸ್ಕ್ ತನ್ನ ಸಾಫ್ಟ್‌ವೇರುಗಳ ಶಾಶ್ವತ ಲೈಸೆನ್ಸ್ ಮಾರೋದನ್ನೇ ನಿಲ್ಲಿಸಿತು, ಅಲ್ಲಿಂದ ಮುಂದೆ ಬಾಡಿಗೆಯೇ. 2020ರಲ್ಲಿ ಅದೇ ಕಂಪನಿ ಫ್ಯೂಷನ್ 360ರ ಉಚಿತ ಬಳಕೆದಾರರು ಒಂದು ಹೊತ್ತಿಗೆ 10 ಡ್ರಾಯಿಂಗುಗಳನ್ನು ಮಾತ್ರ ತಿದ್ದಬಹುದು ಅಂತ ಮಿತಿ ಹಾಕಿತು. ಸ್ಟೆಪ್ ಫೈಲ್ ಆಗಿ ಹೊರತೆಗೆಯುವ ಸೌಲಭ್ಯವನ್ನೂ ತೆಗೆಯಲು ಹೊರಟು, ಬಳಕೆದಾರರು ಗದ್ದಲ ಮಾಡಿದ ಮೇಲೆ ಉಳಿಸಿತು. ಕ್ಯಾಡ್ ಆಚೆಗೂ ನೋಡಿ. 2025ರ ಜುಲೈನಲ್ಲಿ ಯುರೋಪಿನ ನಿರ್ಬಂಧದ ನಂತರ ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣ ಮಾಡುವ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಸೇವೆಗಳು ನಿಂತುಹೋದವು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು, ಸೇವೆ ಮತ್ತೆ ಬಂತು. ದೊಡ್ಡ ಕಂಪನಿಗೆ ಹೈಕೋರ್ಟ್ ಇದೆ. ವೆಲ್ಡಿಂಗ್ ಶಾಪಿಗೆ?

ನಾನು ಅಣ್ಣನಿಗೆ ಹೇಳಿದ್ದು

ಒಂದು, ಮುಗಿದ ಕೆಲಸವೆಲ್ಲ ಹೊರಗೆ ಬರಬೇಕು. ಮೂರು ಆಯಾಮದ್ದಾದರೆ ಸ್ಟೆಪ್, ಶೀಟ್ ಕಟಿಂಗಿನದ್ದಾದರೆ ಡಿಎಕ್ಸ್‌ಎಫ್, ಜೊತೆಗೆ ಅಳತೆ ಕಾಣುವ ಒಂದು ಪಿಡಿಎಫ್. ಸ್ಟೆಪ್ ಅಂತರರಾಷ್ಟ್ರೀಯ ಮಾನಕ, 1994ರಿಂದ ಇದೆ, ಯಾವ ಕಂಪನಿಯ ಸಾಫ್ಟ್‌ವೇರಾದರೂ ಬಹುಮಟ್ಟಿಗೆ ಓದುತ್ತೆ. ಒಂದು ಕೊರತೆ ಗೊತ್ತಿರಲಿ: ಸ್ಟೆಪ್‌ನಲ್ಲಿ ಆಕಾರ ಬರುತ್ತೆ, ಅದನ್ನು ಯಾವ ಕ್ರಮದಲ್ಲಿ ಕಟ್ಟಿದಿರಿ ಅನ್ನೋದು ಬರಲ್ಲ. ಸೀರೆ ಕೈಗೆ ಸಿಗುತ್ತೆ, ನೇಯ್ಗೆಯ ಲೆಕ್ಕ ಸಿಗಲ್ಲ. ಹಾಗಾಗಿ ಮುಖ್ಯ ಅಳತೆಗಳು ಪಿಡಿಎಫ್‌ನಲ್ಲಿ ಇರಲೇಬೇಕು.

ಎರಡು, ಉಚಿತ ಅಂದ ಕೂಡಲೇ ಹಾರಬೇಡಿ. ಆನ್‌ಶೇಪ್‌ನ ಉಚಿತ ಯೋಜನೆಯಲ್ಲಿ ನೀವು ಬಿಡಿಸಿದ್ದು ಎಲ್ಲರಿಗೂ ಕಾಣುತ್ತೆ. ಕಲಿಯೋಕೆ ಅದು ಚಿನ್ನ, ಗಿರಾಕಿಯ ಕೆಲಸಕ್ಕಲ್ಲ.

ಮೂರು, ಖಾತೆ ಅಂಗಡಿಯ ಇಮೇಲಿನಲ್ಲಿರಲಿ. ಕೆಲಸಕ್ಕಿದ್ದ ಹುಡುಗನ ಸ್ವಂತ ಇಮೇಲಿನಲ್ಲಿ ತೆರೆದರೆ, ಅವನು ನಾಳೆ ಪುಣೆಗೋ ಬೆಂಗಳೂರಿಗೋ ಹೋದಾಗ ಡಿಸೈನಿನ ಬೀಗದ ಕೈಯೂ ಅವನ ಜೊತೆ ಬಸ್ ಹತ್ತುತ್ತೆ.

ನಾಲ್ಕು, ಎಲ್ಲವನ್ನೂ ಕ್ಲೌಡಿಗೆ ಒಯ್ಯಲೇಬೇಕು ಅಂತಿಲ್ಲ. ಗೇಟಿನ ಚಪ್ಪಟೆ ಡಿಸೈನಿಗೆ ಲಿಬ್ರೆಕ್ಯಾಡ್ ಸಾಕು. ಮೂರು ಆಯಾಮಕ್ಕೆ ಫ್ರೀಕ್ಯಾಡ್ ಇದೆ, 2024ರ ನವೆಂಬರಿನಲ್ಲಿ ಅದರ 1.0 ಆವೃತ್ತಿ ಬಂತು. ಎರಡಕ್ಕೂ ದುಡ್ಡಿಲ್ಲ, ನೆಟ್ಟೂ ಬೇಕಿಲ್ಲ.

ತಂದೆ-ಮಗ ನಡುವಿನ ದಾರಿ ಹಿಡಿದರು. ಗೇಟು, ಗ್ರಿಲ್ಲು ಅಂಗಡಿಯ ಕಂಪ್ಯೂಟರಿನಲ್ಲೇ. ಮಗನ ಹೊಸ ಟ್ರೇಲರ್ ಡಿಸೈನು ಕ್ಲೌಡಿನಲ್ಲಿ, ದುಡ್ಡು ಕೊಟ್ಟು, ಅಂಗಡಿಯ ಹೆಸರಲ್ಲಿ. ಬ್ಯಾಕಪ್ ಯಾವಾಗ ತೆಗೀಬೇಕು ಅನ್ನೋ ನಿಯಮ ಮಾತ್ರ ಅಣ್ಣನದೇ. "ಅಮಾಸಿಗೆ ಹೆಂಗೂ ಶಾಪ್ ಬಂದ್ ಇರ್ತೈತಿ, ಮಷಿನ್ ಪೂಜಾ ಮಾಡ್ತೀವಿ. ಅವತ್ತ ಡಿಸೈನ್ ಎಲ್ಲಾ ಹಾರ್ಡ್ ಡಿಸ್ಕಿಗೆ ಇಳಿಸಿ, ಅದಕ್ಕೂ ಒಂದು ಕುಂಕುಮ ಹಚ್ಚೂದು." ಐಟಿ ಕಂಪನಿಗಳ ಬ್ಯಾಕಪ್ ಪಾಲಿಸಿ ನಾನು ಬಹಳ ಓದಿದ್ದೇನೆ. ಇಷ್ಟು ನೆನಪಿನಲ್ಲಿ ಉಳಿಯುವಂಥದ್ದು ಓದಿಲ್ಲ.

ಇನ್ನು ನನ್ನ ಪಾಲಿನ ಕೆಲಸ. ಕ್ಲೌಡ್ ಕ್ಯಾಡ್ ಕಟ್ಟೋ ನಮ್ಮಂಥವರು ಡ್ರಾಯಿಂಗ್ ಹೊರತೆಗೆಯುವ ಬಟನ್ನನ್ನು ಮೂರನೇ ಮೆನುವಿನ ಮೂಲೆಯಲ್ಲಿ ಇಡಬಾರದು, ಹೆಬ್ಬಾಗಿಲಲ್ಲಿ ಇಡಬೇಕು. ಹೊರಗೆ ಹೋಗೋಕೆ ದಾರಿ ಇದೆ ಅಂತ ಗೊತ್ತಿದ್ದವರೇ ನೆಮ್ಮದಿಯಿಂದ ಒಳಗೆ ಕೂರ್ತಾರೆ. ಮುಂದಿನ ರಿಲೀಸಿಗೆ ನಾನು ಹಿಡಿದಿರೋ ಹಟ ಇದೊಂದೇ.

ನೀವು ಕ್ಯಾಡ್ ಬಳಸದೇ ಇರಬಹುದು. ಆದರೂ ನಿಮ್ಮ ಫೋಟೊ, ಲೆಕ್ಕಪತ್ರ, ಮಗುವಿನ ವಿಡಿಯೊ ಯಾರದೋ ಮಗ್ಗದ ಮೇಲೆ ಇದ್ದೇ ಇರುತ್ತವೆ. ಮುಂದಿನ ಅಮಾವಾಸ್ಯೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿ ಇಟ್ಕೊಳ್ಳಿ.