ಅಚ್ಚಿನ ಬಿರುಕೂ ದಾಖಲೆಯೇ

ಕೆಳದಿ ನಾಯಕರು ಟಂಕಿಸಿದ ಇಕ್ಕೇರಿ ವರಹ ಎಂಬ ಚಿನ್ನದ ನಾಣ್ಯಗಳೆಲ್ಲ ಒಂದೇ ಬಗೆಯವು, ಅಚ್ಚಿನ ಸಣ್ಣಪುಟ್ಟ ವ್ಯತ್ಯಾಸ ಸಂಗ್ರಹಕಾರರ ಗೀಳು, ಚರಿತ್ರೆಗೆ ತೂಕ ಮತ್ತು ಚಿನ್ನದ ಮಟ್ಟ ತಿಳಿದರೆ ಸಾಕು ಎಂಬುದು ಈಚೆಗೆ ಪ್ರಕಟವಾದ ಲೇಖನದ ವಾದ. ತೂಕ ಮುಖ್ಯವೇ. ಆದರೆ ಸುಮಾರು 3.4 ಗ್ರಾಂ ಎಂಬ ಆ ತೂಕ ವಿಜಯನಗರದಿಂದ ಮುಮ್ಮಡಿ ಕೃಷ್ಣರಾಜ ಒಡೆಯರವರೆಗೂ ಹೆಚ್ಚುಕಡಿಮೆ ಹಾಗೇ ಉಳಿಯಿತು. ಅದರಿಂದ ಕಾಲ ತಿಳಿಯದು. ನಾಣ್ಯದ ಮೇಲಿನ ಬರಹದಿಂದಲೂ ತಿಳಿಯದು: ಅರಸ ಸದಾಶಿವನಾಯಕನ ನಂತರವೂ ಕೆಳದಿಯವರು ‘ಶ್ರೀ ಸದಾಶಿವ’ ಎಂದೇ ಟಂಕಿಸಿದರು. ಅಮೆರಿಕದ 1795ರ ಚಿನ್ನದ ನಾಣ್ಯಗಳ ಮೇಲೆ ಇಸವಿಯೇ ಇದೆ, ಆದರೂ ಅಲ್ಲಿಯವರು ಅಚ್ಚಿನ ಭೇದಗಳನ್ನು ಒಂದೊಂದಾಗಿ ಪಟ್ಟಿಮಾಡಿದ್ದಾರೆ. ಇಸವಿಯಿಲ್ಲದ ನಮ್ಮ ವರಹಕ್ಕೆ ಆ ಕೆಲಸ ಇನ್ನಷ್ಟು ಅಗತ್ಯ.

ಸುತ್ತಿಗೆಯಿಂದ ಹೊಡೆದ ನಾಣ್ಯದಲ್ಲಿ ಚಿತ್ರ ಓರೆಯಾಗುವುದು ಸಹಜ ಎಂಬ ಆಕ್ಷೇಪ ಅರ್ಧ ಸತ್ಯ. ಓರೆಯಾದದ್ದು ಪೆಟ್ಟಿನ ದೋಷ. ಶಿವನ ತ್ರಿಶೂಲದ ಬಳಿ ಉಬ್ಬುಗೆರೆ ಮೂಡಿದ್ದರೆ ಅದು ಅಚ್ಚೇ ಬಿರಿದ ಗುರುತು. ಅದೇ ಗೆರೆ ಒಂದರಲ್ಲಿ ಕೂದಲೆಳೆಯಷ್ಟು, ಇನ್ನೊಂದರಲ್ಲಿ ದಪ್ಪ ಇದ್ದರೆ ಯಾವುದು ಮೊದಲಿನದೆಂದು ಗೊತ್ತಾಗುತ್ತದೆ. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ ಹೈದರಾಲಿ ವರಹದ ಮುಂಬದಿಯ ಶಿವಪಾರ್ವತಿಯರ ಚಿತ್ರವನ್ನು ಹಾಗೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರ ಹಾಕಿಸಿದ. ಹಳೆಯ ಕೆತ್ತನೆಗಾರರೇ ಮುಂದುವರಿದರೇ? ಮುಂಬದಿಯ ಅಚ್ಚುಗಳನ್ನು ಹೋಲಿಸಿಯೇ ಇದನ್ನು ಕೇಳಬೇಕು, ತಕ್ಕಡಿ ಹೇಳುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹೊಲಗಳಲ್ಲಿ ನಾಳೆ ನಾಣ್ಯದ ಕುಡಿಕೆ ಸಿಕ್ಕರೆ, ‘ಒಂದು ಮಾದರಿ ಸಾಕು’ ಎಂಬ ಮಾತು ಉಳಿದವುಗಳಿಗೆ ಮೂಸೆಯ ದಾರಿ ಮಾಡಿಕೊಡುತ್ತದೆ.