ಡ್ರೋನಿನಿಂದ ಔಷಧ ಸಿಂಪರಣೆಯೂ ಊರವರ ಹೊಣೆಯೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಡ್ರೋನ್ ಯಂತ್ರವನ್ನು ಬಾಡಿಗೆಗೆ ಕರೆಯಿಸಿ ಪೈರಿಗೆ ಔಷಧ ಹೊಡೆಯಿಸಬೇಕೆಂಬ ಆಸ್ಥೆಯು ಇತ್ತಿತ್ತಲಾಗಿ ಒಕ್ಕಲಿಗರಲ್ಲಿ ಮೂಡುತ್ತಲಿದೆ. ಎಕರೆಗೆ ಬಾಡಿಗೆಯೆಷ್ಟು ಎಂಬ ಪ್ರಶ್ನೆಯೇ ಎಲ್ಲಕ್ಕೂ ಮೊದಲು ಕೇಳಿಬರುತ್ತದೆ. ಬಾಡಿಗೆಯನ್ನು ಗೊತ್ತುಮಾಡುವುದು ಅವಶ್ಯವೇ ಸರಿ. ಆದರೆ ಚಾಲಕನು ಹಣವನ್ನೆಣಿಸಿಕೊಂಡು ಹೊರಟುಹೋದ ತರುವಾಯ, ವಿಷವು ಎಲ್ಲೆಲ್ಲಿ ಬಿದ್ದಿತೆಂದು ನೆರೆಯವರು ಕೇಳುವುದು ಹೊಲದ ಒಡೆಯನನ್ನೇ. ಆದಕಾರಣ ಈ ಕೆಲಸವನ್ನು ಒಬ್ಬೊಬ್ಬನು ತನ್ನ ಹೊಲದ ಮಟ್ಟಿಗೆ ಬೇರೆಬೇರೆಯಾಗಿ ಮಾಡಿಸದೆ, ಊರ ಹಿರಿಯರ ಮುಂದಾಳುತನದಲ್ಲಿ ಹತ್ತಾರು ಹೊಲಗಳವರು ಕೂಡಿ ಬರವಣಿಗೆಯ ಕರಾರಿನಿಂದ ಮಾಡಿಸುವುದೇ ಯುಕ್ತವು.

ಯಂತ್ರದ ಪ್ರಯೋಜನವನ್ನು ಅಲ್ಲಗಳೆಯಲಾಗದು. ಮಲಪ್ರಭೆಯ ಎರೆಭೂಮಿಯಲ್ಲಿ ಮಳೆ ಹಿಡಿಯಿತೆಂದರೆ ಹೊಲದಲ್ಲಿ ಹೆಜ್ಜೆಯಿಡಲು ನಾಲ್ಕಾರು ದಿನ ಸಾಧ್ಯವಾಗದು. ಅಷ್ಟರೊಳಗೆ ಗೋವಿನಜೋಳದ ಸುಳಿಯನ್ನು ಸೈನಿಕ ಹುಳುವು ತಿಂದುಬಿಡುವುದು. 2018ರಲ್ಲಿ ಭಾರತದಲ್ಲಿ ಮೊದಲು ಕರ್ನಾಟಕದಲ್ಲಿಯೇ ಗುರುತಿಸಲ್ಪಟ್ಟ ಈ ಪರದೇಶದ ಹುಳುವಿಗೆ ವೇಳೆಯಲ್ಲಿ ಮದ್ದು ಬೀಳದಿದ್ದರೆ ಆಮೇಲೆ ಹೊಡೆದದ್ದು ವ್ಯರ್ಥ. ಆಳೆತ್ತರ ಮೀರಿದ ಕಬ್ಬಿನೊಳಗೆ ಬೆನ್ನಿನ ಪಂಪು ಹೊತ್ತು ನುಗ್ಗುವುದೂ ಆಗದ ಮಾತು. ಇಂಥಲ್ಲಿ ಡ್ರೋನು ಸುಮಾರು ಹತ್ತು ನಿಮಿಷದಲ್ಲಿ ಒಂದು ಎಕರೆಯನ್ನು ಮುಗಿಸುತ್ತದೆ. ಅದಕ್ಕೂ ಮಿಗಿಲಾದ ಲಾಭವು ಆಳಿನ ಪ್ರಾಣಕ್ಕೆ ಸಂಬಂಧಿಸಿದ್ದು. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುವಾಗ ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ಜನರು ಮರಣಹೊಂದಿದರು. ಎದೆಯುದ್ದದ ಹತ್ತಿಯಲ್ಲಿ ಬರಿಮೈಯಿಂದ ನಡೆಯುವವನಿಗೆ ಒದಗುವ ಈ ಅಪಾಯವನ್ನು ಯಂತ್ರವು ಬಹುಮಟ್ಟಿಗೆ ತಪ್ಪಿಸಬಲ್ಲದು.

ಆದರೂ ಒಂದು ಲೆಕ್ಕವನ್ನು ಪ್ರತಿಯೊಬ್ಬ ಜಮೀನುದಾರನೂ ಮನಸ್ಸಿನಲ್ಲಿಡತಕ್ಕದ್ದು. ಕೈಪಂಪಿನಲ್ಲಿ ಎಕರೆಗೆ 150ರಿಂದ 200 ಲೀಟರ್ ನೀರು ಹಿಡಿಯುತ್ತದೆ. ಡ್ರೋನಿಗೆ ಸುಮಾರು 10 ಲೀಟರ್ ಸಾಕು. ಎಕರೆಗೆ ಬೀಳುವ ಔಷಧದ ಪ್ರಮಾಣವಾದರೋ ಅಷ್ಟೇ. ಎಂದರೆ ಯಂತ್ರದಿಂದ ಬೀಳುವ ಹನಿಯು ಹದಿನೈದು ಇಪ್ಪತ್ತು ಪಟ್ಟು ತೀಕ್ಷ್ಣವಾದದ್ದು, ಸೂಕ್ಷ್ಮವಾದದ್ದು, ಗಾಳಿಗೆ ಬೇಗ ಹಾರುವಂಥದು. ಅದು ಹಾರಿ ಹೂಬಿಟ್ಟ ಸೂರ್ಯಕಾಂತಿಯ ಮೇಲೆ ಬಿದ್ದರೆ ಜೇನ್ನೊಣಗಳು ಸಾಯುತ್ತವೆ. ಬದುವಿನ ಹುಲ್ಲಿನ ಮೇಲೆ ಬಿದ್ದರೆ ಮೇಯುವ ದನಕುರಿಗಳಿಗೆ ಕೇಡು. ಮತ್ತೂ ಒಂದು ಸಂಗತಿಯುಂಟು. ಗೋವಿನಜೋಳಕ್ಕೆ ಅಥವಾ ಕಬ್ಬಿಗೆ 2,4-ಡಿ ಎಂಬ ಕಳೆನಾಶಕವನ್ನು ಹೊಡೆದ ಟಾಕಿಯನ್ನು ಚೆನ್ನಾಗಿ ತೊಳೆಯದೆ ಹತ್ತಿಗೆ ತಂದರೆ, ಉಳಿದ ಅಲ್ಪ ಅಂಶದಿಂದಲೇ ಹತ್ತಿಯ ಎಲೆಗಳು ಮುರುಟಿಹೋಗುವವು. ಬಾಡಿಗೆಯ ಯಂತ್ರವು ಮುಂಜಾನೆ ಯಾವ ಊರಿನಲ್ಲಿ ಏನನ್ನು ಹೊಡೆದು ಬಂದಿದೆಯೆಂಬುದನ್ನು ಕೇಳಿ ತಿಳಿಯುವವರು ವಿರಳ.

ಮೇಲಿನಿಂದ ವಿಷವನ್ನು ಸುರಿಯುವಾಗ ಕೆಳಗಿದ್ದವರನ್ನು ಲೆಕ್ಕಿಸದಿದ್ದರೆ ಏನಾಗುವುದೆಂಬುದಕ್ಕೆ ಕಾಸರಗೋಡಿನ ಕನ್ನಡಿಗರೇ ಸಾಕ್ಷಿ. ಅಲ್ಲಿ ಎಣ್ಮಕಜೆ ಮೊದಲಾದ ಗ್ರಾಮಗಳ ಬಳಿಯ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ನೆಯ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪರಣೆ ನಡೆಯಿತು. ಗುಡ್ಡದ ಕೆಳಗಿನ ತೋಡುಗಳೂ ಬಾವಿಗಳೂ ಜನವಸತಿಯೂ ಅದರ ಹಾದಿಯಲ್ಲಿಯೇ ಇದ್ದವು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಆ ಔಷಧವನ್ನು ದೇಶದಾದ್ಯಂತ ತಡೆಹಿಡಿಯಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡತಕ್ಕದ್ದೆಂದು ವಿಧಿಸಿತು. ಪೈರಿನ ಮೇಲೆ ಒಂದೆರಡು ಮೀಟರಿನಷ್ಟೇ ಎತ್ತರದಲ್ಲಿ ಹಾರುವ ಡ್ರೋನಿಗೂ ಹೆಲಿಕಾಪ್ಟರಿಗೂ ಬಹಳ ಅಂತರವುಂಟು. ಆದರೆ ನೆರೆಯವರಿಗೆ ಮೊದಲು ತಿಳಿಸಬೇಕು, ನೀರನ್ನು ಕಾಯಬೇಕು ಎಂಬ ಧರ್ಮವು ಎರಡಕ್ಕೂ ಒಂದೇ.

ಊರೊಟ್ಟಿನ ಕರಾರಿನ ಸೌಕರ್ಯವು ಇಲ್ಲಿಯೇ ಇದೆ. ಅಣ್ಣತಮ್ಮಂದಿರ ಪಾಲಿನಿಂದ ಹೊಲಗಳು ಕಿರಿದಾದ ಪಟ್ಟಿಗಳಾಗಿವೆ. ಎರಡೆಕರೆಯ ಪಟ್ಟಿಯೊಂದಕ್ಕೆ ಮಾತ್ರ ಹೊಡೆದರೆ ಅಂಚಿನ ಹನಿಗಳು ಪರರ ಹೊಲಕ್ಕೆ ಹೋಗುವವು. ಹುಳುವೋ ಬದುವನ್ನು ದಾಟಿ ಮರಳಿ ಬರುವುದು. ಒಂದೇ ಬೆಳೆಯ ನಲವತ್ತು ಐವತ್ತು ಎಕರೆ ಒತ್ತಟ್ಟಿಗೆ ಸಿಕ್ಕರೆ ಚಾಲಕನ ತಿರುಗಾಟವು ಉಳಿಯುತ್ತದೆ. ಬಾಡಿಗೆಯನ್ನು ತಗ್ಗಿಸಿ ಕೇಳಲು ಊರವರಿಗೂ ಬಲ ಬರುತ್ತದೆ. ಕರಾರಿನಲ್ಲಿ ಕೆಳಗಿನ ಮಾತುಗಳು ಇರತಕ್ಕದ್ದು.

(1) 2021ರ ಡ್ರೋನ್ ನಿಯಮಗಳ ಪ್ರಕಾರ ಚಾಲಕನಲ್ಲಿ ಪೈಲಟ್ ಪ್ರಮಾಣಪತ್ರವೂ ಯಂತ್ರಕ್ಕೆ ನೋಂದಣಿಯ ಸಂಖ್ಯೆಯೂ ಪರರ ಹಾನಿಯ ವಿಮೆಯೂ ಇರಬೇಕು. ಇವನ್ನು ಕಣ್ಣಾರೆ ನೋಡಿದ ಮೇಲೆಯೇ ಸಂಚಕಾರ ಕೊಡತಕ್ಕದ್ದು.

(2) ಔಷಧವನ್ನು ಒಕ್ಕಲಿಗರೇ ಪಾವತಿಸಹಿತ ಕೊಂಡು ತಮ್ಮ ಎದುರಿನಲ್ಲಿ ಬೆರೆಸಿಸಬೇಕು. ಡ್ರೋನಿನಿಂದ ಹೊಡೆಯಲು 2022ರ ಏಪ್ರಿಲ್ ತಿಂಗಳಲ್ಲಿ 477 ಔಷಧಗಳಿಗೆ ದೊರೆತ ಅನುಮತಿಯು ಎರಡು ವರ್ಷಗಳ ತಾತ್ಕಾಲಿಕವಾದದ್ದು. ಆದ್ದರಿಂದ ಹಳೆಯ ಯಾದಿಯನ್ನು ನಂಬದೆ ಪ್ರತಿ ಹಂಗಾಮಿನಲ್ಲಿಯೂ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.

(3) ಎಕರೆಗೆ ಎಷ್ಟು ನೀರು, ಎಷ್ಟು ಎತ್ತರ ಎಂಬುದನ್ನು ಬರೆದಿಡಬೇಕು. ಎಕರೆಯ ಲೆಕ್ಕದಲ್ಲಿ ದುಡಿಯುವವನಿಗೆ ತ್ವರೆಯಲ್ಲಿಯೇ ಲಾಭ. ಆದ್ದರಿಂದ ಕೆಳಗಿನ ಎಲೆಗಳಿಗೂ ಹನಿ ತಲುಪಿದೆಯೇ ಎಂದು ನೋಡಿದ ಬಳಿಕ ಪೂರ್ತಿ ಹಣವನ್ನು ಕೊಡತಕ್ಕದ್ದು.

(4) ತಂಪು ಹೊತ್ತಿನಲ್ಲಿ ಮಾತ್ರ ಹಾರಿಸಬೇಕು. ಗಾಳಿ ಎದ್ದರೆ ನಿಲ್ಲಿಸುವ ಅಧಿಕಾರವು ಊರವರದು. ಬಾವಿ, ಕೆರೆ, ಹಳ್ಳ, ಮನೆಗಳ ಬಳಿಯ ಅಂಚನ್ನು ಬಿಡತಕ್ಕದ್ದು.

(5) ಟಾಕಿಯನ್ನು ಊರವರೆದುರಿಗೆ ತೊಳೆಯಬೇಕು. ತೊಳೆದ ನೀರು ಹಳ್ಳಕ್ಕೆ ಹೋಗಕೂಡದು.

(6) ಹಿಂದಿನ ದಿನವೇ ಡಂಗುರ ಸಾರಿಸಿ ಕುರಿಗಾರರಿಗೂ ಜೇನುಸಾಕಣೆಯವರಿಗೂ ತಿಳಿಸಬೇಕು.

ಪಂಪಿನ ಕೂಲಿಯಿಂದಲೇ ಹೊಟ್ಟೆ ಹೊರೆಯುವ ಭೂಹೀನರ ಗತಿಯೇನೆಂಬ ಪ್ರಶ್ನೆಯು ನ್ಯಾಯವಾದದ್ದು. ನೀರು ತರುವುದು, ಗಡಿ ಕಾಯುವುದು, ಬಿಟ್ಟ ಅಂಚುಗಳಿಗೆ ಕೈಪಂಪಿನಿಂದ ಹೊಡೆಯುವುದು ಇವೇ ಮುಂತಾದ ಕೆಲಸಗಳನ್ನು ರಕ್ಷಣೆಯ ಉಡುಪು ಕೊಟ್ಟು ಅವರಿಗೇ ಕಾದಿಡಬಹುದು. ಅದರಿಂದ ಪೂರ್ತಿ ನಷ್ಟವು ತುಂಬದಿದ್ದರೂ ಊರ ಮರ್ಯಾದೆಯು ಉಳಿಯುವುದು. 2023ರ ನವೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗೆ ಯಂತ್ರದ ಬೆಲೆಯ ಪ್ರತಿಶತ 80ರಷ್ಟು, 8 ಲಕ್ಷ ರೂಪಾಯಿಗೆ ಮೀರದಂತೆ, ಸಹಾಯವನ್ನು ಗೊತ್ತುಪಡಿಸಲಾಯಿತು. ಇಂಥ ಸಂಘವು ಹತ್ತಿರದಲ್ಲಿದ್ದರೆ ಬಾಡಿಗೆಯು ನೆರೆಯವರಲ್ಲಿಯೇ ಉಳಿಯುವುದು; ನಾಳೆ ಮುಖ ನೋಡಬೇಕಾದ ಚಾಲಕಿಯು ಇಂದು ಎಚ್ಚರದಿಂದಿರುವಳು.

ಹಿಂಗಾರಿಯ ಕಡಲೆಗೆ ಕಾಯಿಕೊರಕವು ಬಿದ್ದ ದಿನ ಕರಾರು ಬರೆಯಲು ಕೂಡುವುದು ತಡವಾದ ಮಾತು. ಬಿತ್ತಿಗೆಗೆ ಮುಂಚೆಯೇ ಊರ ಗೌಡರೂ ಪಂಚಾಯತಿಯ ಮುಖಂಡರೂ ಜಮೀನುದಾರರೂ ಒಂದೆಡೆಗೆ ಕಲೆತು, ಯಾವ ಹೊಲಗಳು ಒಂದು ಗುಂಪೆಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು.